ತ್ರಿವಿಕ್ರಮನ ಯೋಗ್ಯ ಕಾರ್ಯಕ್ರಮ

"ಟೀವೀಲಿ ನೋಡೋ ಅಂಥದ್ದು ಏನೂ ಬರಲ್ಲ ಅಂತ ಗೊಣಗೋರೆಲ್ಲ ಹುಡುಕೋಕೆ ಬಾರದೋರು ಕಣೆ ತುಂಗಾ! ನಂಗೆ ಮೂರು ವಾರ ಟೈಮ್ ಕೊಡು. ಈ ಸೋಫಾದಿಂದ ಏಳೋ ಹೊತ್ತಿಗೆ ನಾನು ಬೇರೇನೇ ಮನುಷ್ಯ ಆಗಿರ್ತೀನಿ!"

ಎಡಗಾಲನ್ನು ಎರಡು ದಿಂಬುಗಳ ಮೇಲೆ ಪ್ರತಿಷ್ಠಾಪಿಸಿಕೊಂಡು ತ್ರಿವಿಕ್ರಮ ಈ ಭೀಷ್ಮಪ್ರತಿಜ್ಞೆ ಮಾಡಿದಾಗ, ತುಂಗಾ ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ ಜಡೆಗೆ ಕ್ಲಿಪ್ಪು ಸಿಕ್ಕಿಸಿಕೊಳ್ಳುತ್ತಿದ್ದಳು.

"ಬೇರೆ ಮನುಷ್ಯ ಆಗೋದು ಆಮೇಲಿರ್ಲಿ. ಇದ್ದ ಮನುಷ್ಯ ನೆಟ್ಟಗೆ ನಿಂತ್ಕೊಂಡ್ರೆ ಸಾಕಾಗಿದೆ," ಎಂದಳು.

ಮೂರೇ ಹೆಜ್ಜೆಯಲ್ಲಿ ಮೂರು ಲೋಕ ಅಳೆದವನ ಹೆಸರಿಟ್ಟುಕೊಂಡ ತ್ರಿವಿಕ್ರಮನಿಗೆ ಈಗ ಸೋಫಾದಿಂದ ಬಚ್ಚಲಿಗೆ ಹೋಗುವುದೇ ದಿಗ್ವಿಜಯ. ಪಾದದ ಮೂಳೆ ಬಿರುಕು ಬಿಟ್ಟಿತ್ತು. ಅದೇನು ರಣರಂಗದಲ್ಲಿ ಬಿಟ್ಟದ್ದಲ್ಲ, ಅಡುಗೆಮನೆಯಲ್ಲಿ. ಹಿಂದಿನ ಭಾನುವಾರ ತುಂಗಾ ನೆಲ ಒರೆಸುತ್ತಿದ್ದಾಗ ಬಾಗಿಲಲ್ಲಿ ನಿಂತು, "ನೆಲ ಒರೆಸೋಕೂ ಒಂದು ಶಾಸ್ತ್ರ ಇದೆ, ಕೊಡಿಲ್ಲಿ ತೋರಿಸ್ತೀನಿ" ಎಂದು ಕೋಲು ಕಿತ್ತುಕೊಂಡಿದ್ದ. ಶಾಸ್ತ್ರದ ಮೊದಲ ಸೂತ್ರ ಬಾಯಿಂದ ಹೊರಬೀಳುವ ಮೊದಲೇ ಶಾಸ್ತ್ರಿಗಳು ನೆಲಕ್ಕೆ ಬಿದ್ದಿದ್ದರು. ಜಾಲಹಳ್ಳಿಯ ಡಾಕ್ಟರು ಪ್ಲಾಸ್ಟರ್ ಸುತ್ತಿ, ಮೂರು ವಾರ ಯಶವಂತಪುರದ ಆಫೀಸಿನ ಕಡೆ ತಲೆಯಿಟ್ಟೂ ಮಲಗಬಾರದೆಂದು ಅಪ್ಪಣೆ ಕೊಡಿಸಿದ್ದರು.

ಅವರು ಬಾಡಿಗೆಗಿದ್ದದ್ದು ಶೆಟ್ಟಿಹಳ್ಳಿಯ ಮುನಿಗಂಗಪ್ಪನವರ ಮಹಡಿಮನೆಯಲ್ಲಿ. ಶೆಟ್ಟಿಹಳ್ಳಿ ನಿಜವಾಗಿಯೂ ಹಳ್ಳಿಯಾಗಿದ್ದಾಗಿನಿಂದ ಇದ್ದ ಕುಟುಂಬ ಅದು. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಎರಡಂತಸ್ತಿನ ಮನೆ ಎದ್ದಿತ್ತು. ಕೆಳಗೆ ಮುನಿಗಂಗಪ್ಪನವರು, ಹೆಂಡತಿ ಮುನಿಕೆಂಪಮ್ಮ, ಮಗ ಬಾಲರಾಜ್, ಸೊಸೆ ಶಿಲ್ಪ. ಮೇಲೆ ಇವರಿಬ್ಬರು. ನೀರಿನ ಸಂಪು ಒಂದೇ, ಗೇಟು ಒಂದೇ, ವೈಫೈ ಕೂಡ ಒಂದೇ. ಮೇಲಿನ ಮನೆಯವರ ಕಾಲು ಮುರಿದ ಸುದ್ದಿ ಕೇಳಿದ್ದೇ ಮುನಿಕೆಂಪಮ್ಮ, "ಮೂಳೆ ಕೂಡ್ಕೋಬೇಕಂದ್ರೆ ಉರುಳೀಕಾಳು ತಿನ್ಬೇಕು" ಎಂದು ದಿನಾ ಒಂದು ಡಬ್ಬಿ ಬಸ್ಸಾರು ಕಳಿಸುತ್ತಿದ್ದರು.

ತುಂಗಾ ಹೊರಟ ಮೇಲೆ ತ್ರಿವಿಕ್ರಮ ಹೊಸ ನೋಟ್‌ಬುಕ್ ತೆಗೆದು ವೇಳಾಪಟ್ಟಿ ಬರೆದ. ಹತ್ತರಿಂದ ಹನ್ನೆರಡು: ಇತಿಹಾಸ. ಹನ್ನೆರಡರಿಂದ ಒಂದು: ಪ್ರಾಣಿಪ್ರಪಂಚ. ಊಟ. ಎರಡರಿಂದ ನಾಲ್ಕು: ವಿಜ್ಞಾನ. ಕೆಳಗೆ ದಪ್ಪ ಅಕ್ಷರದಲ್ಲಿ, "ಧಾರಾವಾಹಿ, ಚರ್ಚೆ, ಅಡುಗೆ ಕಾರ್ಯಕ್ರಮ: ನಿಷಿದ್ಧ!" ಎಂದು ಬರೆದು ಎರಡು ಗೆರೆ ಎಳೆದ. ಆಮೇಲೆ ಕತ್ತಿ ಹಿರಿಯುವಂತೆ ರಿಮೋಟನ್ನು ಎತ್ತಿದ.

ಟೀವಿಯೊಳಗಿನ ಆ್ಯಪ್ ಅಪ್‌ಡೇಟ್ ಕೇಳಿತು. ಕೊಟ್ಟ. ಪಾಸ್‌ವರ್ಡ್ ಕೇಳಿತು. ಕೊಟ್ಟ. ತಪ್ಪು ಎಂದಿತು. ತುಂಗಾಳ ಹುಟ್ಟುಹಬ್ಬ, ಮದುವೆಯ ದಿನ, ಮನೆದೇವರ ಹೆಸರು, ಹೀಗೆ ಐದು ಸಲ ಕೊಟ್ಟ ಮೇಲೆ ಅದು ಏನನ್ನೂ ಕೇಳುವುದನ್ನೇ ನಿಲ್ಲಿಸಿ ಮೌನವ್ರತ ಹಿಡಿಯಿತು.

ತುಂಗಾಳಿಗೆ ಫೋನ್ ಹಚ್ಚಿದ.

"ನಿಮ್ಮ ಫೋನಿಂದಾನೇ ಟೀವಿಗೆ ಕನೆಕ್ಟ್ ಮಾಡ್ಬಹುದು ರೀ. ಫೋನಲ್ಲಿ ಕಾಣೋದೆಲ್ಲ ಟೀವೀಲಿ ಕಾಣುತ್ತೆ. ನಮ್ಮ ಶಾಲೇಲಿ ದಿನಾ ಮಾಡ್ತೀವಿ. ಸಂಜೆ ಬಂದು ತೋರಿಸ್ತೀನಿ, ನೀವೇನೂ ಮುಟ್ಟೋಕೆ ಹೋಗ್ಬೇಡಿ."

"ಏನಂದೆ? ಮುಟ್ಟಬೇಡಾನಾ? ನಮ್ಮ ಆಫೀಸಿಗೆ ಮೊದಲ ಕಂಪ್ಯೂಟರ್ ಬಂದಾಗ ಅದರ ಪ್ಲಗ್ ಹಾಕಿದೋನು ಯಾರು?"

"ನೆಲ ಒರೆಸೋ ಶಾಸ್ತ್ರ ಗೊತ್ತಿದ್ದೋರೂ ನೀವೇ," ಎಂದು ತುಂಗಾ ಫೋನಿಟ್ಟಳು.

ಛಲ ಬಂತು. ಫೋನಿನಲ್ಲಿ ಅಲ್ಲಿ ಒತ್ತಿ, ಇಲ್ಲಿ ಒತ್ತಿ, ಕೊನೆಗೆ ಟೀವಿಯ ಹೆಸರು ತೋರಿಸುವ ಜಾಗಕ್ಕೆ ಬಂದ. ಅದೇ ಹೆಸರು ಎರಡು ಸಲ ಇತ್ತು. 'ಒತ್ತಿ ಹೇಳೋದಕ್ಕೆ ಎರಡು ಸಲ ಬರ್ದಿರ್ತಾರೆ' ಎಂದುಕೊಂಡು ಮೇಲಿನದನ್ನು ಒತ್ತಿದ. ಅರೆಕ್ಷಣ ಯೋಚಿಸಿ ಫೋನು 'ಕನೆಕ್ಟೆಡ್' ಎಂದಿತು. ಎದುರಿನ ಟೀವಿ ಮಾತ್ರ ಕಪ್ಪಗೆ, ಸಿಟ್ಟು ಮಾಡಿಕೊಂಡ ಅಳಿಯನ ಮುಖದ ಹಾಗೆ ಕೂತಿತ್ತು.

"ಹಾಳಾಗಿ ಹೋಗು! ಫೋನಲ್ಲೇ ನೋಡ್ತೀನಿ!"

ಫೋನಿನಲ್ಲೇ ಆಕ್ಟೋಪಸ್ ಮೇಲೊಂದು ಸಾಕ್ಷ್ಯಚಿತ್ರ ಹಚ್ಚಿದ. ಚಿತ್ರ ಬಂತು, ಸದ್ದಿಲ್ಲ! ವಾಲ್ಯೂಮ್ ಪೂರ್ತಿ ಏರಿಸಿದ. ಉಹೂಂ. ಫೋನಿನ ಸ್ಪೀಕರೂ ಕೆಟ್ಟಿತೆಂದು ತಲೆ ಚಚ್ಚಿಕೊಳ್ಳುವಷ್ಟರಲ್ಲಿ ಒಂದು ಪವಾಡ ನಡೆಯಿತು. ಕಿಟಕಿಯ ಕಡೆಯಿಂದ, ಕೆಳಗಿನ ಮನೆಯ ಒಳಗಿನಿಂದ, ಗಂಭೀರವಾದ ಗಂಡು ದನಿಯೊಂದು ಗುಡುಗಿತು: ಸಾಗರದ ಆಳದಲ್ಲಿ, ಮೂರು ಹೃದಯಗಳ ಈ ವಿಚಿತ್ರ ಜೀವಿ...

ತ್ರಿವಿಕ್ರಮ ಫೋನ್ ನೋಡಿದ. ಮೂರು ಹೃದಯಗಳ ಜೀವಿ ಅಲ್ಲೇ ಈಜುತ್ತಿತ್ತು. ಮಾತಿಗೆ ಮಾತು, ಅಲೆಗೆ ಅಲೆ ಹೊಂದುತ್ತಿದ್ದವು!

ಸಂಜೆ ತುಂಗಾ ಚಪ್ಪಲಿ ಕಳಚುವ ಮೊದಲೇ ವರದಿ ಒಪ್ಪಿಸಿದ. "ಸಹವಾಸದೋಷ ಅಂತಾರಲ್ಲ, ಇದು ಸಹವಾಸಗುಣ! ಕೆಳಗಿನ ಮನೆಯೋರೂ ಇವತ್ತು ಆಕ್ಟೋಪಸ್ ನೋಡ್ತಿದ್ರು, ಅದೂ ನಾನು ನೋಡ್ತಿದ್ದ ಹೊತ್ತಿಗೇನೇ!"

"ಮುನಿಕೆಂಪಮ್ಮನೋರು? ಆಕ್ಟೋಪಸ್ಸು?"

"ನಮ್ಮಂಥೋರು ಮೇಲಿದ್ರೆ ಪ್ರಭಾವ ಕೆಳಗಿಳಿಯುತ್ತೆ ಕಣೆ. ಗಂಗೆ ಇಳಿದ ಹಾಗೆ."

ತುಂಗಾ ಅವನ ಹಣೆ ಮುಟ್ಟಿ ಜ್ವರವಿಲ್ಲವೆಂದು ಖಚಿತಪಡಿಸಿಕೊಂಡು ಒಳಗೆ ಹೋದಳು. ಅವಳಿಗೆ ತಿದ್ದಬೇಕಾದ ಐವತ್ತೆರಡು ಪರೀಕ್ಷೆಯ ಪತ್ರಿಕೆಗಳಿದ್ದವು. ಟೀವಿಯನ್ನು ಕನೆಕ್ಟ್ ಮಾಡಿಕೊಡು ಎಂದು ಕೇಳಿದರೆ ಸೋತಂತಾಗುತ್ತದೆಂದು ತ್ರಿವಿಕ್ರಮನೂ ಕೇಳಲಿಲ್ಲ.

ಎರಡನೆಯ ದಿನವೂ ಹತ್ತು ಗಂಟೆಗೆ ಅದೇ ಹೆಸರನ್ನು ಒತ್ತಿದ, ಟೀವಿ ಒಲಿದರೆ ಒಲಿಯಲಿ ಎಂದು. ಒಲಿಯಲಿಲ್ಲ. ಫೋನಿನ ದನಿಯೂ ಮರಳಲಿಲ್ಲ. ಚಿಂತೆಯಿಲ್ಲ, ಕೆಳಗಿನವರಿದ್ದರಲ್ಲ! ಅವನು ರೋಮ್ ಸಾಮ್ರಾಜ್ಯ ಹಚ್ಚಿದರೆ ಅವರೂ ರೋಮ್. ಅವನು ಗುರುಗ್ರಹಕ್ಕೆ ಹಾರಿದರೆ ಅವರೂ ಗುರುಗ್ರಹ. ನೀರು ಕುಡಿಯಲು ನಿಲ್ಲಿಸಿದರೆ ಕೆಳಗೂ ಸದ್ದು ನಿಲ್ಲುತ್ತಿತ್ತು. 'ಅವರಿಗೂ ಬಾಯಾರಿಕೆ ಆಗಿರ್ಬೇಕು, ಪಾಪ' ಎಂದುಕೊಂಡ.

ನಿಜ ಹೇಳಬೇಕೆಂದರೆ, ಅವನು ಯಾವುದನ್ನೂ ಹತ್ತು ನಿಮಿಷಕ್ಕಿಂತ ಹೆಚ್ಚು ನೋಡುತ್ತಿರಲಿಲ್ಲ. ಇದಕ್ಕಿಂತ ಯೋಗ್ಯವಾದದ್ದು ಇನ್ನೆಲ್ಲೋ ಇರಬೇಕು ಎಂಬ ಕೀಟ ತಲೆ ಕೊರೆಯುತ್ತಿತ್ತು. ಉಪ್ಪಿನ ಇತಿಹಾಸದ ವಿವರ ಓದುವುದು, ಎಷ್ಟು ನಕ್ಷತ್ರ ಕೊಟ್ಟಿದ್ದಾರೆ ಎಂದು ಎಣಿಸುವುದು, 'ಎಂಟು ಕಂತಾ!' ಎಂದು ಬೆಚ್ಚುವುದು, ಹಿಮಕರಡಿಯ ಕಡೆ ಹೋಗುವುದು, 'ಸಾಯೋ ಸೀನ್ ಇದ್ರೆ?' ಎಂದು ಹೆದರುವುದು, ಜಪಾನಿನ ಬಡಗಿಯೊಬ್ಬನನ್ನು ಇಣುಕುವುದು, ಮತ್ತೆ ಉಪ್ಪಿಗೆ ಮರಳುವುದು. ಹೀಗೆ ಹುಡುಕುವಾಗೆಲ್ಲ ಕೆಳಗಿನಿಂದ 'ಅಯ್ಯೋ!' ಎಂಬ ಉದ್ಗಾರ, ಚಪ್ಪಾಳೆ, ಹೆಂಗಸರ ಹೋ ಎಂಬ ನಗು ಕೇಳಿಬರುತ್ತಿತ್ತು. ಯಾರೋ ನೆಂಟರು ಬಂದಿರಬೇಕೆಂದು ತ್ರಿವಿಕ್ರಮ ಕಿಟಕಿ ಅರ್ಧ ಮುಚ್ಚಿದ.

ಮೂರನೆಯ ದಿನ ಬೆಳಿಗ್ಗೆ ಇತಿಹಾಸದ ಅವಧಿಯಲ್ಲಿ ಸ್ವಲ್ಪ ಶಿಸ್ತು ಸಡಿಲಾಯಿತು. 'ಈರುಳ್ಳಿ ರಸದಿಂದ ಏಳೇ ದಿನದಲ್ಲಿ ಬೋಳುತಲೆಯಲ್ಲಿ ಕೂದಲು' ಎಂಬ ವಿಡಿಯೋ ತಾನಾಗಿಯೇ ಕಣ್ಣಿಗೆ ಬಿತ್ತು. ಮೂರು ಸಲ ಬಿತ್ತು. ಸಂದೇಹ ನಿವಾರಣೆಗೆಂದು ತನ್ನ ನೆತ್ತಿಯ ಎರಡು ಫೋಟೋ ತೆಗೆದು ದೊಡ್ಡದು ಮಾಡಿ ನೋಡಿಕೊಂಡ. ಕೆಳಗೆ ಯಾರೋ ನೆತ್ತಿಗೆ ಹತ್ತಿದಂತೆ ಕೆಮ್ಮಿದರು. ಆಮೇಲೆ ಬೇಜಾರಾಗಿ ಆಫೀಸಿನ ಗೆಳೆಯ ಗುರುಚರಣನಿಗೆ ವಾಟ್ಸಾಪ್ ಬರೆದ. ಇಂಗ್ಲಿಷ್ ಅಕ್ಷರದಲ್ಲಿ, ಕನ್ನಡದ ಮಾತಿನಲ್ಲಿ, ಎಲ್ಲರೂ ಬರೆಯುವ ಹಾಗೆ:

"ಮಗಾ, ನಮ್ಮ ಓನರ್ ಮೀಸೆ ನೋಡಿದ್ರೆ ಹುಲಿ, ಹೆಂಡ್ತಿ ಕೂಗಿದ್ರೆ ಇಲಿ! ಆಯಮ್ಮ ದಿನಾ ಬಸ್ಸಾರು ಕಳಿಸ್ತಾರೆ. ಏನ್ ಖಾರ ಅಂತೀಯ! ಎರಡು ತುತ್ತು ತಿಂದ್ರೆ ಪ್ಲಾಸ್ಟರ್ ತಾನೇ ಬಿಚ್ಕೊಂಡು ಓಡಿಹೋಗುತ್ತೆ!"

ಕಳಿಸಿ, ತನ್ನ ಹಾಸ್ಯಕ್ಕೆ ತಾನೇ ಮೆಚ್ಚಿ, ಮತ್ತೆ ಉಪ್ಪು-ಕರಡಿಗಳ ನಡುವೆ ಓಡಾಡತೊಡಗಿದ.

ಒಂದು ಗಂಟೆಗೆ ಬಾಗಿಲು ತಟ್ಟಿದ ಸದ್ದು. ಸಾಕ್ಷಾತ್ ಮುನಿಗಂಗಪ್ಪನವರು! ಹೆಗಲ ಟವೆಲಿನಿಂದ ಮೀಸೆ ಒರೆಸಿಕೊಳ್ಳುತ್ತಾ ಒಳಬಂದು ಕುರ್ಚಿಯ ತುದಿಯಲ್ಲಿ ಕೂತರು.

"ಎಂಗೈತೆ ಸಾರ್ ಕಾಲು?"

"ಪರವಾಗಿಲ್ಲ ಯಜಮಾನ್ರೇ, ನಿಮ್ಮೆಲ್ಲರ ಆಶೀರ್ವಾದ..."

"ಆಯ್ತು, ಆಯ್ತು. ಕೊನೇಗ್ ಏನ್ ತೀರ್ಮಾನ ಮಾಡುದ್ರಿ? ಉಪ್ಪಾ, ಕರಡೀನಾ?"

ತ್ರಿವಿಕ್ರಮನಿಗೆ ಅರ್ಥವಾಗಲಿಲ್ಲ. "ಯಾವ ಕರಡಿ?"

"ಅದೇ ಸಾರ್, ಆ ಬಿಳೀ ಕರಡಿ! ಬೆಳಿಗ್ಗೆಯಿಂದ ನಾಕ್ ಸಲ ಅದ್ರ ತಾವ ಓಗಿ ವಾಪಸ್ ಬಂದ್ರಲ್ಲ! ನಾನು ಕರಡಿ ಅಂತೀನಿ, ನಮ್ಮವಳು ಉಪ್ಪು ಅಂತಾಳೆ. ಪಕ್ಕದ್ಮನೆ ಸುಬ್ಬಮ್ಮ, ಎರಡೂ ಅಲ್ಲ, ಆ ಬಡಗಿ ಅಂತಾಳೆ. ಊಟಕ್ಕೂ ಏಳ್ದೆ ಜಗಳ. ಓಗಿ ಕೇಳ್ಕೊಂಡ್ ಬನ್ನಿ ಅಂತ ಕಳ್ಸವ್ರೆ."

"ನಿಮಗೆ... ನಿಮಗೆ ಹೇಗೆ ಗೊತ್ತಾಯ್ತು?"

"ಗೊತ್ತಾಗ್ದೆ ಏನ್ ಸಾರ್? ಮೂರ್ ದಿನದಿಂದ ನಮ್ ಟೀವೀಲಿ ಬರ್ತಾನೇ ಇದ್ದೀರಲ್ಲ!"

ತ್ರಿವಿಕ್ರಮನ ಕೈಲಿದ್ದ ಫೋನು ದೋಸೆಕಲ್ಲಿನಂತೆ ಸುಡತೊಡಗಿತು.

"ಮೊನ್ನೆ ನಮ್ಮವಳು ಧಾರಾವಾಯಿ ನೋಡ್ತಾ ಕುಂತಿದ್ಲು. ಟೀವಿ ಏನೋ ಪರ್ಮಿಸನ್ ಕೇಳ್ತು. ಓಕೆ ಒತ್ಬುಟ್ಲು. ನನ್ ಮಾತ್ ಒಂದ್ ಬಿಟ್ಟು ಇನ್ ಯಾರ್ ಏನ್ ಕೇಳುದ್ರೂ ಓಕೆ ಅನ್ನೋಳೇ ಅವ್ಳು. ಒಸಾ ಚಾನಲ್ಲು ಅನ್ಕಂಡ್ವಿ. ಆಮೇಲ್ ನೋಡುದ್ರೆ ನಿಮ್ ಫೋನು! ಎಲ್ಲಾ ಕಾಣ್ತದೆ ಸಾರ್, ಕಿಲೀಯರ್ರಾಗಿ." ಅವರು ದನಿ ತಗ್ಗಿಸಿದರು. "ಆ ಈರುಳ್ಳಿ ರಸ ಮಾತ್ರ ತಲೇಗ್ ಅಚ್ಬ್ಯಾಡಿ. ನಮ್ ಬಾವಮೈದ ಅಚ್ಚಿ, ಇದ್ದಿದ್ದೂ ಓಯ್ತು."

ಅವರು ಎದ್ದರು. ಬಾಗಿಲ ಬಳಿ ತಿರುಗಿ, "ಭಾನ್ವಾರ ಅಗ್ರಿಮೆಂಟ್ ಇಚಾರ ಮಾತಾಡ್ಬೇಕು ಸಾರ್. ಬಾಳ ಮಾತಾಡೋದೈತೆ," ಎಂದು ಮೀಸೆ ನೀವಿಕೊಂಡು ಇಳಿದು ಹೋದರು.

ಬಹಳ ಮಾತಾಡೋದಿದೆ! ತ್ರಿವಿಕ್ರಮ ಟೀವಿಯ ಕನೆಕ್ಷನ್ ಕಡಿದು ವಾಟ್ಸಾಪ್ ತೆರೆದು ನೋಡಿದ. ಹುಲಿ! ಇಲಿ! ಬಸ್ಸಾರು! ಅಕ್ಷರ ಅಕ್ಷರವಾಗಿ ಅವನು ಕುಟ್ಟಿದ್ದು, ನಲವತ್ತಮೂರು ಇಂಚಿನ ಪರದೆಯ ಮೇಲೆ, ಹುಲಿಯ ಕುಟುಂಬದ ಎದುರಿಗೇ ಮೂಡಿತ್ತು! ಸಂದೇಶ ಅಳಿಸಿದ. ಕೂಡಲೇ ಗುರುಚರಣನ ಉತ್ತರ ಬಂತು: "ಯಾಕ್ ಮಗಾ ಡಿಲೀಟ್ ಮಾಡ್ದೆ? ಸೂಪರ್ ಇತ್ತು! ನಾನಾಗ್ಲೇ ಆಫೀಸ್ ಗ್ರೂಪಿಗೆ ಹಾಕ್ಬಿಟ್ಟೆ!"

ನಾಲ್ಕೂಕಾಲಿಗೆ ತುಂಗಾ ಬಂದಳು. ವಿಷಯ ಕೇಳುತ್ತಾ ಕೇಳುತ್ತಾ ನಿಂತಲ್ಲೇ ಕೂತಳು.

"ದೀಪಾವಳಿ ಆಫರಲ್ಲಿ ಎರಡು ಮನೆಯೋರೂ ಒಂದೇ ಅಂಗಡೀಲಿ ಒಂದೇ ಥರದ ಟೀವಿ ತಂದಿದ್ವಿ. ಎರಡು ಹೆಸರು ಬಂದ್ರೆ ಒಂದು ಅವರದು ಅಂತ ಹೊಳೀಲಿಲ್ವಾ ನಿಮಗೆ?"

"ಒತ್ತಿ ಹೇಳೋಕೆ ಎರಡು ಸಲ ಬರೆದಿದ್ದಾರೆ ಅನ್ಕೊಂಡೆ."

"ರೀ! ಹನ್ನೊಂದು ತಿಂಗಳ ಅಗ್ರಿಮೆಂಟು ಈ ಭಾನುವಾರ ಮುಗಿಯುತ್ತೆ. ಬೆಳಕು ಬರೋ ಮನೆ, ಬಟ್ಟೆ ಒಣಗೋ ತಾರಸಿ, ಹತ್ತು ಹೆಜ್ಜೆಗೆ ನನ್ನ ಶಾಲೆ! ಇಂಥ ಮನೇನ ಒಂದು ಇಲಿಗೋಸ್ಕರ ಕಳ್ಕೊಂಡ್ರಲ್ಲಾ!" ಅವಳ ದನಿ ಒಡೆಯಿತು. ತ್ರಿವಿಕ್ರಮನಿಗೆ ಆಗ ಕಾಲಿನ ನೋವು ಮರೆತೇಹೋಯಿತು. ಇಪ್ಪತ್ತೆರಡು ವರ್ಷದಲ್ಲಿ ಆರು ಮನೆ ಬದಲಾಯಿಸಿದವಳು ಅವಳು. ಈ ಮನೆಗೆ ಬಂದ ಮೇಲೇ ಕಿಟಕಿಗೆ ಪರದೆ ಹೊಲಿಸಿದ್ದಳು.

"ನಾನೇ ಇಳಿದು ಹೋಗಿ ಕ್ಷಮೆ ಕೇಳ್ತೀನಿ," ಎಂದು ಎದ್ದ. ಪ್ಲಾಸ್ಟರು ಟೀಪಾಯಿಗೆ ಬಡಿದು ಮತ್ತೆ ಕೂತ.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಗೆಜ್ಜೆಯ ಸದ್ದು. ಸೊಸೆ ಶಿಲ್ಪ, ಕೈಯಲ್ಲಿ ಎಂದಿಗಿಂತ ದೊಡ್ಡದೊಂದು ಡಬ್ಬಿ!

ತುಂಗಾ ಓಡಿಹೋಗಿ ಅವಳ ಕೈ ಹಿಡಿದಳು. "ಶಿಲ್ಪಾ, ಇವರು ಏನೋ ತಮಾಷೆಗೆ ಬರೆದುಬಿಟ್ಟಿದ್ದಾರೆ. ನಿಮ್ಮ ಅತ್ತೆ ಮಾವ ತುಂಬಾ ಬೇಜಾರು ಮಾಡ್ಕೊಂಡ್ರಾ?"

ಶಿಲ್ಪ ಬಾಗಿಲ ಕಡೆ ಒಮ್ಮೆ ನೋಡಿ, ಸೆರಗು ಬಾಯಿಗೊತ್ತಿಕೊಂಡು ನಗತೊಡಗಿದಳು. "ಮಾವ ಆಗ ಹಾಲಿನ ಡೈರಿಗೆ ಹೋಗಿದ್ರು ಅಕ್ಕ. ಅತ್ತೆಗೆ ಇಂಗ್ಲಿಷ್ ಅಕ್ಷರ ಬರಲ್ಲ. 'ಏನೇ ಬರೀತಾವ್ರೆ ಮೇಷ್ಟ್ರಮ್ಮನ ಯಜಮಾನ್ರು, ಓದೇ' ಅಂದ್ರು. ಓದಿದೆ."

"ಓದಿಬಿಟ್ಯಾ?" ತ್ರಿವಿಕ್ರಮ ಕೀರಲು ದನಿಯಲ್ಲಿ ಕೇಳಿದ.

"ಹೂಂ ಅಂಕಲ್. 'ನಮ್ಮ ಓನರ್ ಹುಲಿ ಇದ್ದಂಗೆ. ಆಯಮ್ಮನ ಬಸ್ಸಾರು ಎರಡು ತುತ್ತು ತಿಂದ್ರೆ ಸಾಕು, ಪ್ಲಾಸ್ಟರ್ ಬಿಚ್ಚಿ ಓಡಾಡೋ ಹಂಗಾಗುತ್ತೆ' ಅಂತ."



"ಇಲಿ?" ಎಂದ ತ್ರಿವಿಕ್ರಮ.

"ಇಲಿ ನನ್ನ ಗಂಟಲಲ್ಲೇ ಉಳ್ಕೊಂತು. ಅತ್ತೆ ಕಣ್ಣಲ್ಲಿ ನೀರು ಹಾಕ್ಕೊಂಡ್ರು ಗೊತ್ತಾ? 'ಮೂವತ್ತೈದು ವರ್ಸದಿಂದ ಅಡುಗೆ ಮಾಡ್ತೀನಿ, ಈ ಮನೇಲಿ ಒಬ್ರೂ ಒಂದ್ ಒಳ್ಳೇ ಮಾತ್ ಆಡಿಲ್ಲ' ಅಂತ. ಮಾವನಿಗೂ ಹೇಳಿದಾರೆ. ಮಾವ ಹುಲಿ ಅಂತ ಕೇಳಿದಾಗಿಂದ ಕನ್ನಡಿ ಮುಂದೇನೇ ಇದಾರೆ!"

ತ್ರಿವಿಕ್ರಮ ಬಿಟ್ಟ ನಿಟ್ಟುಸಿರಿಗೆ ನೋಟ್‌ಬುಕ್ಕಿನ ಹಾಳೆಗಳು ಮಗುಚಿದವು. ತುಂಗಾ ಶಿಲ್ಪಳನ್ನು ಅಪ್ಪಿಕೊಂಡಳು. ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ಡಬ್ಬಿ ತೆರೆದು ಮೂವರೂ ಅಲ್ಲೇ ಕೂತು ತಿಂದರು. ಖಾರಕ್ಕೆ ತ್ರಿವಿಕ್ರಮನ ಕಣ್ಣು, ಮೂಗು ಎರಡೂ ಹರಿದವು. ಆದರೂ ಇಷ್ಟು ರುಚಿಯಾದ ಸಾರನ್ನು ಜನ್ಮದಲ್ಲಿ ಉಂಡಿರಲಿಲ್ಲ ಎನಿಸಿತು.

"ನಿನ್ನ ಉಪಕಾರ ಹೇಗೆ ತೀರಿಸ್ಲಮ್ಮ?" ಎಂದ, ಮೂಗೊರೆಸಿಕೊಳ್ಳುತ್ತಾ.

"ಉಪಕಾರ ಏನ್ ಬಂತು ಅಂಕಲ್. ನೀವು ಮನೆ ಖಾಲಿ ಮಾಡಿದ್ರೆ ಮಧ್ಯಾಹ್ನ ನಾವು ನೋಡೋದು ಏನನ್ನ?"

ಈ ಮಾತಿನ ಆಳ ತ್ರಿವಿಕ್ರಮನಿಗೆ ತಿಳಿದದ್ದು ಭಾನುವಾರ. ಬೆಳಿಗ್ಗೆ ಹನ್ನೊಂದಕ್ಕೆ ಬಾಲರಾಜನೂ ಅವನ ಗೆಳೆಯನೊಬ್ಬನೂ ಮೇಲೆ ಬಂದು, ತ್ರಿವಿಕ್ರಮನನ್ನು ಪ್ಲಾಸ್ಟಿಕ್ ಕುರ್ಚಿಯ ಸಮೇತ ಎತ್ತಿ, ಉತ್ಸವಮೂರ್ತಿಯಂತೆ ಮೆಟ್ಟಿಲಿಳಿಸಿದರು. ತುಂಗಾ ಹಿಂದಿನಿಂದ ದಿಂಬು ಹಿಡಿದು ಬಂದಳು. ಅಗ್ರಿಮೆಂಟಿನ ಮಾತು ಎರಡೇ ನಿಮಿಷದಲ್ಲಿ ಮುಗಿಯಿತು. ಮುನಿಗಂಗಪ್ಪನವರು ಮೀಸೆ ತಿರುವಿ, "ಹುಲಿ ಒಂದ್ ಸಲ ಮಾತ್ ಕೊಟ್ರೆ ಮುಗೀತು! ಇನ್ನೂ ಮೂರ್ ವರ್ಸ ಇರಿ ಸಾರ್," ಎಂದು ಸಹಿ ಹಾಕಿದರು.

"ಬಹಳ ಮಾತಾಡೋದಿದೆ ಅಂದ್ರಲ್ಲ ಯಜಮಾನ್ರೇ?"

"ಊಂ, ಅದು ಇದಲ್ಲ. ಈ ಕಡೆ ತಿರುಗಿ."

ಬಾಲರಾಜ್ ಕುರ್ಚಿ ತಿರುಗಿಸಿದ. ನಡುಮನೆಯ ತುಂಬ ಚಾಪೆ ಹಾಸಿತ್ತು. ಸುಬ್ಬಮ್ಮ ಕಡ್ಲೇಕಾಯಿ ಬಿಡಿಸುತ್ತಾ ಮುಂದಿನ ಸಾಲಿನಲ್ಲಿ ಕೂತಿದ್ದರು. ಹಿಂದೆ ಬೀದಿಯ ಅರ್ಧ ಹೆಂಗಸರಿದ್ದರು. ಎದುರಿಗೆ ನಲವತ್ತಮೂರು ಇಂಚಿನ ಟೀವಿ ಬೆಳಗುತ್ತಿತ್ತು.

"ನಾಕ್ ದಿನದಿಂದ ಬರ್ಲಿಲ್ಲ ನೀವು. ಎಲ್ರೂ ಕಾಯ್ತಾವ್ರೆ," ಎಂದರು ಮುನಿಕೆಂಪಮ್ಮ. "ಫೋನ್ ತಂದಿದ್ದೀರಾ ಸಾಮಿ?"

ತ್ರಿವಿಕ್ರಮನ ಎದೆ ಉಬ್ಬಿತು. ಕೊನೆಗೂ ಜ್ಞಾನಕ್ಕೆ ಹಸಿದ ಜನ! ಶಿಲ್ಪ ಫೋನನ್ನು ಟೀವಿಗೆ ಸೇರಿಸಿಕೊಟ್ಟಳು. ಹಿಂದಿನ ರಾತ್ರಿಯೆಲ್ಲ ಯೋಚಿಸಿ ಅವನು ಒಂದು ತೀರ್ಮಾನಕ್ಕೆ ಬಂದಿದ್ದ. ಒಂದು ಕ್ಷಣವೂ ಅಳುಕದೆ, ಅತ್ತಿತ್ತ ನೋಡದೆ, ನೇರವಾಗಿ ಹಿಮಕರಡಿಯ ಮೇಲೆ ಒತ್ತಿದ. ಬಿಳಿಯ ಹಿಮ ಹರಡಿತು, ವಾದ್ಯ ಮೊಳಗಿತು, ಗಂಭೀರವಾದ ದನಿ ಆರಂಭವಾಯಿತು. ತುಂಗಾಳ ಕಡೆ ಒಮ್ಮೆ ಹೆಮ್ಮೆಯಿಂದ ನೋಡಿದ.

ಐದು ನಿಮಿಷಕ್ಕೆ ಮುನಿಗಂಗಪ್ಪನವರ ಗೊರಕೆ ಶುರುವಾಯಿತು. ಸುಬ್ಬಮ್ಮ ಕಡ್ಲೇಕಾಯಿಯ ಸಿಪ್ಪೆ ಕೊಡವಿ ಎದ್ದರು. ಹಿಂದಿನ ಸಾಲಿನಲ್ಲಿ ಯಾರೋ ಗಟ್ಟಿಯಾಗಿ ಆಕಳಿಸಿದರು.

ಮುನಿಕೆಂಪಮ್ಮನಿಗೆ ತಡೆಯಲಾಗಲಿಲ್ಲ. ಹತ್ತಿರ ಬಂದು ತ್ರಿವಿಕ್ರಮನ ಕೈ ಹಿಡಿದುಕೊಂಡು ಅಂಗಲಾಚಿದರು:

"ಅಯ್ಯೋ ಸಾಮಿ, ಇದ್ಯಾಕ್ ನೋಡೋಕ್ ಸುರು ಮಾಡ್ಬುಟ್ರಿ? ನೋಡೋದು ಯಾರ್ ಬೇಕಾದ್ರೂ ನೋಡ್ತಾರೆ. ನೀವು ಹುಡುಕಿ!"